ಹನ್ನೊಂದನೇ ಸಾಲಿನ ಹೆಣ

"ಏಳ್ಲಾ ಸೂಳೆಮಗ್ನೆ! ನಿಮ್ಮಪ್ಪ ಹಾಸಿಟ್ಟಿರೋ ಚಾಪೆ ಏನ್ಲಾ ಇದು?"

ಮೇಸ್ತ್ರಿ ಅರ್ನುಲ್ಫೊ ಬೂಟುಗಾಲಿನಲ್ಲಿ ಒದ್ದ. ಈರುಳ್ಳಿ ಸಾಲಿನ ನಡುವೆ ಬೋರಲು ಬಿದ್ದಿದ್ದವನ ಸೊಂಟ ಅಲುಗಿತು, ತಲೆ ಅಲುಗಲಿಲ್ಲ. ಇನ್ನೊಮ್ಮೆ ಒದ್ದ. ಪಕ್ಕೆಯೊಳಗೆ ಏನೋ ಲಟಕ್ಕೆಂದಿತು.

ಎಲ್ಪಿಡಿಯಾ ಎರಡು ಸಾಲು ಹಾರಿ ಬಂದಳು. ಗಡ್ಡೆಯ ಬೇರು ಕತ್ತರಿಸುವ ಕತ್ತರಿ ಕೈಯಲ್ಲೇ ಇತ್ತು. ಬಿದ್ದವನು ಅವಳ ತಮ್ಮ, ಇಪ್ಪತ್ತನಾಲ್ಕರ ಹುಡುಗ. ಅವನನ್ನು ಅಂಗಾತ ತಿರುಗಿಸಿದಳು. ಮುಖ ಕಾದ ಹಂಚಿನಂತೆ ಕೆಂಪಗಿತ್ತು, ಒಂದು ಹನಿ ಬೆವರಿರಲಿಲ್ಲ. ಬೆವರು ನಿಂತ ಮೈ ಏನು ಹೇಳುತ್ತದೆ ಎಂಬುದು ಟೆಕ್ಸಸ್ಸಿನ ಈ ಗಡಿಯಲ್ಲಿ ಹೊಲಕ್ಕಿಳಿದವರಿಗೆಲ್ಲ ಗೊತ್ತು.

"ತೋಮಾಸ್! ಏ ತೋಮಾಸ್! ಕಣ್ ಬಿಡೋ!"

ತೋಮಾಸ್ ಎಂಬುದು ಅವನ ಕೊರಳ ಕಾರ್ಡಿನ ಹೆಸರು. ಆ ಹೊಲದಲ್ಲಿ ಯಾರ ಹೆಸರೂ ಯಾರದ್ದೂ ಅಲ್ಲ. ಈ ದೇಶದಲ್ಲಿರಲು ಕಾಗದವಿಲ್ಲದವರಿಗೆ ಅರ್ನುಲ್ಫೊ ಕಾಗದವಿದ್ದವರ ಹೆಸರು ಹಂಚುತ್ತಿದ್ದ: ತನ್ನ ಸೋದರಳಿಯನದು, ಸತ್ತುಹೋದ ಚಿಕ್ಕಪ್ಪನದು, ಜೈಲಿನಲ್ಲಿದ್ದ ಯಾವನದೋ. ಬೆಳಿಗ್ಗೆ ಬಸ್ಸು ಹತ್ತುವಾಗ ಕಾರ್ಡು ಕೊರಳಿಗೆ, ಸಂಜೆ ಇಳಿಯುವಾಗ ವಾಪಸ್ಸು ಅವನ ಡಬ್ಬಿಗೆ. ಹೊಲದೊಳಗಾಗಲಿ ಕೂಲಿಯವರ ಟ್ರೈಲರ್ ಮನೆಗಳಲ್ಲಾಗಲಿ ಬಾಯಿತಪ್ಪಿಯೂ ಹುಟ್ಟುಹೆಸರು ಬರಕೂಡದು. ಬಂದರೆ ಮಾರನೇ ದಿನ ಬಸ್ಸಿನಲ್ಲಿ ಜಾಗವಿಲ್ಲ. ಎಂಟು ತಿಂಗಳಲ್ಲಿ ಅಕ್ಕನ ನಾಲಿಗೆಯೂ ಅದಕ್ಕೇ ಪಳಗಿಬಿಟ್ಟಿತ್ತು.

"ತೋಮಾಸ್!" ಎಂದು ಮತ್ತೆ ಕೂಗಿದಳು.

ಅವನು ಕಣ್ಣು ತೆರೆದ. ಇವಳು ಬೇರೆ ಯಾರನ್ನೋ ಕರೆಯುತ್ತಿದ್ದಾಳೆ, ನನ್ನನ್ನಲ್ಲ ಎನ್ನುವವನ ಹಾಗೆ ಒಂದು ಗಳಿಗೆ ನೋಡಿದ. ಮತ್ತೆ ಮುಚ್ಚಿಕೊಂಡ.

"ಫೋನ್ ಮಾಡ್ಸಿ ದಣಿ. ಆಂಬುಲೆನ್ಸ್ ಕರ್ಸಿ. ನಿಮ್ ಕಾಲಿಗ್ ಬೀಳ್ತೀನಿ."

"ಕರ್ಸಣ ಕಣಮ್ಮ, ಅದ್ಕೇನಂತೆ," ಎಂದ ಅರ್ನುಲ್ಫೊ. ಸುತ್ತ ನಿಂತಿದ್ದ ನಲವತ್ತು ಜನರಿಗೂ ಕೇಳುವಂತೆ ದನಿ ಏರಿಸಿದ. "ಆಂಬುಲೆನ್ಸಿಗಿಂತ ಮುಂಚೆ ಯಾರ್ ಬರ್ತಾರೆ ಗೊತ್ತಲ್ಲ? ಮಿಗ್ರಾ! ಹಸಿರು ಪಟ್ಟೆ ಜೀಪಿನ ಗಡಿ ಪೊಲೀಸ್ನೋರು. ನಿಮ್ಮನ್ನೆಲ್ಲ ಕುರಿ ತುಂಬ್ದಂಗೆ ತುಂಬ್ಕೊಂಡು ಸೇತುವೆ ಆಚೆ ಸುರೀತಾರೆ. ಏಯ್ ಸೆಫೆರಿನೊ, ನಿನ್ ಹೆಣ್ಮಕ್ಳು ಮೂರ್ ಗಂಟೆಗೆ ಸ್ಕೂಲ್ ಬಿಟ್ಕೊಂಡು ಬಂದು ಯಾರ್ ಮನೆ ಬಾಗ್ಲು ತಟ್ಬೇಕು? ನನ್ ಮನೇದಾ?"

ಸೆಫೆರಿನೊ ಐವತ್ತು ದಾಟಿದ ಮನುಷ್ಯ. ಎಲ್ಪಿಡಿಯಾಳ ಪಕ್ಕದ ಟ್ರೈಲರಿನಲ್ಲೇ ಇದ್ದವನು. ಕತ್ತರಿಗೆ ಮೆತ್ತಿದ ಮಣ್ಣನ್ನು ಒರೆಸತೊಡಗಿದ.

"ಡೆಲ್ಫಿನಾ, ನೀನಾದ್ರೂ ಮಾಡೇ," ಎಂದಳು ಎಲ್ಪಿಡಿಯಾ. ಆ ಗುಂಪಿನಲ್ಲಿ ಕಾಗದವಿದ್ದವಳು ಡೆಲ್ಫಿನಾ ಒಬ್ಬಳೇ. ಗಡಿಯ ಈ ಕಡೆಯಲ್ಲೇ ಹುಟ್ಟಿದವಳು, ಅವಳ ಹೆಸರು ಅವಳದೇ.

"ನಾನ್ಯಾಕೆ ಮಾಡ್ಲಿ?" ಡೆಲ್ಫಿನಾ ಬಕೆಟ್ಟು ಕುಕ್ಕಿದಳು. "ನೀವೆಲ್ಲ ಬರೋಕ್ ಮುಂಚೆ ಈ ಬಕೆಟ್ಟಿಗೆ ಇದ್ರ ಎರಡರಷ್ಟು ಕೂಲಿ ಸಿಗ್ತಿತ್ತು. ನೀವು ಅರ್ಧಕ್ಕೆ ಬಗ್ಗಿದ್ರಿ, ನನ್ ಸೊಂಟಾನೂ ಅರ್ಧಕ್ಕೇ ಬಗ್ಸಿದ್ರಿ. ನನ್ ಮಗ ಕೇಳ್ತಾನೆ, ಅಮ್ಮ, ಈ ದೇಶದೋಳಾಗಿ ನೀನ್ಯಾಕೆ ಅವರ್ ಜತೆ ಮಣ್ಣು ಕೆರೀತೀಯ ಅಂತ. ಏನ್ ಹೇಳ್ಲಿ? ಫೋನ್ ಮಾಡಿ ನಾಳೆ ನಾನೆಲ್ಲಿಗೆ ಹೋಗ್ಲಿ?"

ಯಾರದೋ ಕತ್ತರಿ ಕಟ್ ಎಂದಿತು. ಆಮೇಲೆ ಇನ್ನೊಂದು. ಒಬ್ಬೊಬ್ಬರೇ ಬಗ್ಗಿದರು. ಸ್ವಲ್ಪ ಹೊತ್ತಿಗೆ ಹೊಲದ ತುಂಬ ಅದೇ ಸದ್ದು.

ಎಲ್ಪಿಡಿಯಾ ಮತ್ತು ಸೆಫೆರಿನೊ ಅವನನ್ನು ಹೊತ್ತು ಬಸ್ಸಿನ ನೆರಳಿಗೆ ಹಾಕಿದರು. ಕುಡಿಯುವ ನೀರಿನ ಡ್ರಮ್ಮಿನಿಂದ ಎರಡು ತಂಬಿಗೆ ಸುರಿದದ್ದಕ್ಕೆ ಅರ್ನುಲ್ಫೊ, "ಅದು ಕುಡಿಯೋಕೆ ಕಣೇ, ಹೆಣ ತೊಳೆಯೋಕಲ್ಲ," ಎಂದು ಮುಚ್ಚಳಕ್ಕೆ ಬೀಗ ಹಾಕಿದ. ಹುಡುಗನ ಕೈಕಾಲು ಅದುರಿದವು. ಬಾಯಿಂದ ಹಳದಿ ನೊರೆ ಬಂತು. ಎರಡು ಗಂಟೆಯ ಹೊತ್ತಿಗೆ ಅದುರುವುದು ನಿಂತಿತು.

ಆಗ ಹೊಲದ ಯಜಮಾನ ಹ್ಯಾಡ್ಲಿಯ ಬಿಳಿ ಟ್ರಕ್ಕು ಬಂತು. ಅವನ ಗೇಟಿನ ಮೇಲೆ ಕಳೆದ ಚುನಾವಣೆಯ 'ಗಡಿ ಮುಚ್ಚಿ' ಬೋರ್ಡು ಇನ್ನೂ ಇತ್ತು. ಕಿಟಕಿ ನಾಲ್ಕು ಬೆರಳಷ್ಟು ಇಳಿಯಿತು, ಒಳಗಿನ ತಂಪು ಹೊರಗೆ ಸೋರಿತು.

"ಹನ್ನೊಂದನೇ ಸಾಲು ಯಾಕೆ ನಿಂತಿದೆ?"

ಅರ್ನುಲ್ಫೊ ಟೋಪಿ ಕೈಗೆ ತೆಗೆದುಕೊಂಡ. "ಒಬ್ಬ ಹೋಗ್ಬಿಟ್ಟ ಸರ್."

"ಓಡಿ ಹೋದನಾ?"

"ಇಲ್ಲ ಸರ್. ಸತ್ತೋದ."

ಹ್ಯಾಡ್ಲಿ ಬಸ್ಸಿನ ನೆರಳಿನತ್ತ ನೋಡಿದ. ಆಮೇಲೆ ಬೇಲಿಯಾಚೆಯ ಮುಳ್ಳುಕಾಡಿನತ್ತ ನೋಡಿದ. "ನನ್ನ ಹೊಲದಲ್ಲಿ ಯಾರೂ ಸತ್ತಿಲ್ಲ, ಅರ್ನುಲ್ಫೊ. ಆ ಕಾಡಲ್ಲಿ ಸಾಯ್ತಾರೆ, ನದಿ ದಾಟಿ ಬಂದೋರು, ವಾರಕ್ಕೊಬ್ಬರು. ನಾಲ್ಕು ಗಂಟೆಗೆ ಲಾರಿ ಬರುತ್ತೆ, ಲೋಡ್ ರೆಡಿ ಇರ್ಲಿ."

ಕಿಟಕಿ ಏರಿತು.

ಅರ್ನುಲ್ಫೊ ಬಂದು ಮೊದಲು ಮಾಡಿದ ಕೆಲಸ ಹೆಣದ ಕೊರಳಿಗೆ ಕೈ ಹಾಕಿದ್ದು. ಕಾರ್ಡಿನ ದಾರ ಹರಿಯಲಿಲ್ಲ. ಅವನು ಎಳೆದ, ಹೆಣದ ತಲೆ ನೆಲದಿಂದೆದ್ದು ದೊಪ್ಪನೆ ಬಿತ್ತು. ಮತ್ತೆ ಎಳೆದ, ಮತ್ತೆ ಬಿತ್ತು. ಮೂರನೆಯ ಸಲ ಎಲ್ಪಿಡಿಯಾಳ ಕತ್ತರಿ ಅವನ ಅಂಗೈಯೊಳಗೆ ಇಳಿಯಿತು.

"ಅಯ್ಯಯ್ಯೋ! ಕೊಂದ್ಲು ಮುಂಡೆ! ಹಿಡೀರ್ಲೇ ಇವ್ಳನ್ನ!"

ಹಿಡಿದರು. ಎಡಗೈ ಹಿಡಿದವನು ಸೆಫೆರಿನೊ. "ಬೇಡ ಕಣವ್ವ, ಬೇಡ. ಹೋದೋನು ಹೋದ. ಇರೋರ್ನ ನೋಡು," ಎಂದು ಅವಳ ಕಿವಿಯ ಬಳಿ ಗೋಗರೆಯುತ್ತಲೇ ಮೊಣಕೈ ತಿರುಚಿ ಹಿಡಿದಿದ್ದ. ಅವಳು ಅವನ ಮಣಿಕಟ್ಟು ಕಚ್ಚಿದಳು. ಅವಳ ಬಾಯಿಗೆ ಅವನ ರಕ್ತ ಬಂದರೂ ಅವನು ಬಿಡಲಿಲ್ಲ. ಅರ್ನುಲ್ಫೊ ಗಾಯದ ಕೈಯನ್ನು ಕಂಕುಳಲ್ಲಿ ಅದುಮಿಕೊಂಡು, ಇನ್ನೊಂದು ಕೈಯಿಂದ ಅವಳ ಮುಖಕ್ಕೆ ಬಾರಿಸಿದ. ಒಂದು ಹಲ್ಲು ಹೋಯಿತು. ಆಮೇಲೆ ಹೊಟ್ಟೆಗೆ ಒದ್ದ. ಕೊನೆಗೆ ಬಸ್ಸಿನೊಳಗೆ ತಳ್ಳಿ ಬಾಗಿಲು ಹಾಕಿದ.

ಕಿಟಕಿಯಿಂದ ಅವಳು ನೋಡಿದಳು. ಡ್ರೈವರು ಮತ್ತು ಅರ್ನುಲ್ಫೊ ತಮ್ಮನನ್ನು ಮೂಟೆಯಂತೆ ತೂಗಿ ಪಿಕಪ್ ಗಾಡಿಯ ಹಿಂಬದಿಗೆ ಎಸೆದರು. ಬೇಲಿಯ ಗೇಟು ತೆರೆದು ಗಾಡಿ ಕಾಡಿನೊಳಗೆ ಹೋಯಿತು. ಹತ್ತೇ ನಿಮಿಷಕ್ಕೆ ವಾಪಸ್ಸು ಬಂತು.

ನಾಲ್ಕಕ್ಕೆ ಲಾರಿ ತುಂಬಿತು.

ಸಂಜೆ ಟ್ರೈಲರಿನ ಮೆಟ್ಟಿಲ ಬಳಿ ಸೆಫೆರಿನೊ ಬಟ್ಟೆಯಲ್ಲಿ ಸುತ್ತಿದ ರೊಟ್ಟಿ, ಬೀನ್ಸ್ ಕಾಳು ಹಿಡಿದು ನಿಂತ. ಕೈಗೆ ಚಿಂದಿ ಕಟ್ಟಿಕೊಂಡಿದ್ದ.

"ಒಂದ್ ತುತ್ತು ತಿನ್ನು ತಾಯಿ."

"ನಿನ್ ಹೆಣ್ಮಕ್ಳಿಗೆ ತಿನ್ಸು."

"ಬೈಯವ್ವ. ಎಷ್ಟ್ ಬೇಕಾದ್ರೂ ಬೈ." ರೊಟ್ಟಿಯ ಗಂಟನ್ನು ಇನ್ನೊಂದು ಕೈಗೆ ತೆಗೆದುಕೊಂಡ. "ನಾಳೆನೋ ನಾಳಿದ್ದೋ ಯಾರಾದ್ರೂ ನೋಡ್ತಾರೆ. ಕೌಂಟಿ ಸರ್ಕಾರದೋರು ಹೂಳ್ತಾರೆ."

"ಏನಂತ ಹೂಳ್ತಾರೆ? ನಂಬರ್ ಹಾಕಿ ಹೂಳ್ತಾರೆ. ಒಂದ್ ಗುಂಡೀಲಿ ಇಬ್ರಿಬ್ರನ್ನ ಹೂಳ್ತಾರೆ. ಊರಲ್ಲಿ ನಮ್ಮವ್ವ ಕೇಳಿದ್ರೆ ಯಾವ್ ನಂಬರು ಅನ್ಲಿ?" ಒಡೆದ ತುಟಿಯಿಂದ ಮಾತು ಸರಿಯಾಗಿ ಬರಲಿಲ್ಲ. "ನಾನೂ ಅವನ್ನ ತೋಮಾಸ್ ಅಂತ ಕರ್ದೆ ಮಾಮ. ಸಾಯೋನ್ನ ಹೆತ್ತೋರಿಟ್ಟ ಹೆಸರಲ್ಲಿ ಕರೀಲಿಲ್ಲ. ಓಗೊಡಲಿಲ್ಲ ಅವ್ನು. ಹೆಂಗ್ ಓಗೊಡ್ತಾನೆ?"

ಸೆಫೆರಿನೊ ರೊಟ್ಟಿಯ ಗಂಟನ್ನು ಮೆಟ್ಟಿಲ ಮೇಲಿಟ್ಟು ಹೋದ. ಅವನೂ ಆ ಹುಡುಗನ ಹೆಸರೇನೆಂದು ಕೇಳಲಿಲ್ಲ.

ಬೆಳಕು ಹರಿಯುವ ಹೊತ್ತಿಗೆ ಎಲ್ಪಿಡಿಯಾ ಹೊಲದವರೆಗೆ ನಡೆದು ಬಂದು, ಬೇಲಿ ನುಸುಳಿ ಕಾಡಿಗಿಳಿದಿದ್ದಳು. ನಾಲ್ಕು ಗೋಣಿಚೀಲ ಬಿಚ್ಚಿ ಒಂದಾಗಿ ಹೊಲಿದು ಹೆಗಲ ಮೇಲೆ ಹಾಕಿಕೊಂಡಿದ್ದಳು. ದಾರಿಗೆ ಅಡ್ಡವಾಗಿ ಮಿಗ್ರಾದವರ ಮಣ್ಣುರಸ್ತೆ. ದಿನವೂ ಜೀಪಿನ ಹಿಂದೆ ಹಳೆ ಟೈರು ಎಳೆದು ಅವರು ಆ ಮಣ್ಣನ್ನು ನುಣ್ಣಗೆ ಮಾಡಿಡುತ್ತಾರೆ, ಯಾರು ದಾಟಿದರೂ ಹೆಜ್ಜೆ ಕಾಣಲೆಂದು. ದಾಟುವವರು ಕಾಲಿಗೆ ಕಂಬಳಿ ತುಂಡು ಕಟ್ಟಿಕೊಳ್ಳುತ್ತಾರೆ. ಎಂಟು ತಿಂಗಳ ಹಿಂದೆ ತಮ್ಮನ ಕಾಲಿಗೆ ಅವಳೇ ಕಟ್ಟಿದ್ದಳು. ಇವತ್ತು ಬರೀ ಶೂಗಳಲ್ಲಿ, ಒಂದೊಂದು ಹೆಜ್ಜೆಯನ್ನೂ ಊರಿ ದಾಟಿದಳು.

ಪಿಕಪ್ಪಿನ ಚಕ್ರದ ಗುರುತು ಒಂದು ಮುಳ್ಳುಮರದ ಕೆಳಗೆ ನಿಂತಿತ್ತು. ಅಲ್ಲೇ ಬಿದ್ದಿದ್ದ. ನರಿಗಳು ಒಂದು ಕೆನ್ನೆ ತಿಂದಿದ್ದವು. ಕೊರಳಲ್ಲಿ ದಾರ ಕುಯ್ದ ಗೆರೆ. ಆ ಕಾರ್ಡು, ಹೊಲದ ಕೆಲಸಕ್ಕೆ ಕಟ್ಟಿದ್ದ ಮೊಣಕಾಲಿನ ಪಟ್ಟಿ ಯಾವುದೂ ಇರಲಿಲ್ಲ. ಅದರ ಬದಲು ಪಕ್ಕದಲ್ಲಿ ಕಪ್ಪು ಬಣ್ಣ ಬಳಿದ ನೀರಿನ ಕ್ಯಾನೊಂದು ಇತ್ತು, ರಾತ್ರಿ ಟಾರ್ಚಿಗೆ ಹೊಳೆಯದಿರಲೆಂದು ನದಿ ದಾಟುವವರು ಹಿಡಿದು ಬರುವಂಥದ್ದು. ಅದರ ಹಗ್ಗವನ್ನು ಅವನ ಮಣಿಕಟ್ಟಿಗೆ ಕಟ್ಟಿದ್ದರು. ನೋಡಿದವರ ಕಣ್ಣಿಗೆ ಅವನೀಗ ನಿನ್ನೆಯಷ್ಟೇ ನದಿ ದಾಟಿ ದಿಕ್ಕು ತಪ್ಪಿ ಸತ್ತ ಯಾವನೋ ಒಬ್ಬ.

ಅವಳು ಹಗ್ಗ ಬಿಚ್ಚಿ ಕ್ಯಾನನ್ನು ದೂರಕ್ಕೆ ಎಸೆದಳು. ಅವನ ಕೈಯನ್ನು ಮೂಗಿಗೆ ಹಿಡಿದಳು. ಉಗುರಿನ ಸಂದಿಗಳಲ್ಲಿ ಹಸಿರು ಹಾಗೇ ಇತ್ತು. ಸತ್ತ ಮೈಯ ನಾತದ ನಡುವೆಯೂ ಬೆರಳು ಈರುಳ್ಳಿಯ ಘಾಟು ಹೊಡೆಯುತ್ತಿತ್ತು.

ಗೋಣಿಯ ಮೇಲೆ ಉರುಳಿಸಿಕೊಂಡು ಎಳೆದಳು. ಅರ್ಧ ಮೈಲಿ. ಮುಳ್ಳಿಗೆ ಗೋಣಿ ಸಿಕ್ಕಿದಲ್ಲೆಲ್ಲ ನಿಂತು ಬಿಡಿಸಿದಳು. "ನಾಬೋರ್, ಇಲ್ಲೊಂಚೂರು ಕಲ್ಲೈತೆ ಕಣಪ್ಪ. ನಾಬೋರ್, ಇನ್ನೊಂಚೂರೇ," ಎನ್ನುತ್ತ ಎಳೆದಳು.

ಏಳಕ್ಕೆ ಬಸ್ಸು ಬಂದಾಗ ಹನ್ನೊಂದನೇ ಸಾಲಿನಲ್ಲಿ ಅಕ್ಕ ಕೂತಿದ್ದಳು, ತಮ್ಮ ಮಲಗಿದ್ದ.

ಇಳಿದವರು ಇಳಿದಲ್ಲೇ ನಿಂತರು. ಒಬ್ಬ ಹೆಂಗಸು ವಾಂತಿ ಮಾಡಿಕೊಂಡಳು. ಅರ್ನುಲ್ಫೊ ಬ್ಯಾಂಡೇಜಿನ ಕೈ ಹಿಡಿದುಕೊಂಡು ಓಡಿ ಬಂದ.

"ಇದನ್ಯಾಕೇ ತಂದೆ, ರಂಡೆ?"

"ಇವ್ನು ಸತ್ತಿದ್ದು ಇಲ್ಲಿ. ಅದ್ಕೇ ಇಲ್ಲವ್ನೆ."

"ನಾಲ್ಕ್ ಜನ ಬನ್ರೋ, ಎತ್ರೋ ಇದನ್ನ!"

ಯಾರೂ ಬರಲಿಲ್ಲ. ಅರ್ನುಲ್ಫೊ ಬಸ್ಸಿಗೆ ಒರಗಿಸಿದ್ದ ಗುದ್ದಲಿ ತಂದ. ಅದರ ಕಾವಿನಿಂದ ಅವಳ ಹೆಗಲಿಗೆ ಹೊಡೆದ. ಅವಳು ಏಳಲಿಲ್ಲ. ಬೆನ್ನಿಗೆ ಹೊಡೆದ. ತಲೆಗೆ ಹೊಡೆದ. ಹಣೆಯ ಚರ್ಮ ಒಡೆದು ರಕ್ತ ಕಣ್ಣಿಗಿಳಿಯಿತು. ಅವಳು ತಮ್ಮನ ಮೇಲೆ ಕವುಚಿ ಬಿದ್ದು ಅವನ ಅಂಗಿಯನ್ನು ಎರಡೂ ಮುಷ್ಟಿಯಲ್ಲಿ ಹಿಡಿದುಕೊಂಡಳು.

"ಸಾಕು ನಿಲ್ಸೋ, ಹಾದರಕ್ ಹುಟ್ಟಿದೋನೆ!"

ಕೂಗಿದವಳು ಡೆಲ್ಫಿನಾ. ಫೋನು ಆಗಲೇ ಕಿವಿಯಲ್ಲಿತ್ತು.

"ಡೆಲ್ಫಿನಾ, ಇಡೇ ಅದನ್ನ. ಈ ಸೀಮೇಲಿ ನಿಂಗೆ ಮತ್ತೆ ಕೂಲಿ ಹುಟ್ದಂಗೆ ಮಾಡ್ತೀನಿ."

"ಮಾಡು. ನನ್ನ ಯಾವ್ ಸೇತುವೆ ಆಚೆ ಸುರೀತೀಯ? ನಾನ್ ಹುಟ್ಟಿದ್ದೇ ಆ ನೀರಿನ್ ಟ್ಯಾಂಕಿನ್ ಪಕ್ಕ." ಗುಂಪಿನತ್ತ ತಿರುಗಿದಳು. "ಓಡೋರು ಈಗ್ಲೇ ಓಡಿ. ಕಾಲುವೆ ಕಡೆಗೆ. ಬೈಕೊಳ್ಳೋರು ಆಮೇಲೆ ಬೈಕೊಳ್ಳಿ."

ಓಡಿದರು. ಬುತ್ತಿ ಬಿಸಾಕಿ, ಕೊರಳಿನ ಕಾರ್ಡುಗಳು ಬೆನ್ನಿಗೆ ಬಡಿಯುತ್ತಿರಲು, ಇಪ್ಪತ್ತು ಇಪ್ಪತ್ತೈದು ಜನ ಕಾಲುವೆಯತ್ತ ಓಡಿದರು. ಡೆಲ್ಫಿನಾ ಫೋನಿನಲ್ಲಿ ಹೊಲದ ಗುರುತು ಹೇಳಿದಳು. ಸತ್ತವನಿದ್ದಾನೆ, ಇನ್ನೊಬ್ಬಳನ್ನು ಸಾಯಿಸುತ್ತಿದ್ದಾರೆ ಎಂದಳು. ಆಮೇಲೆ ಫೋನನ್ನು ಎದೆಗೊತ್ತಿಕೊಂಡು ಕೇಳಿದಳು:

"ಹೆಸರು ಕೇಳ್ತಾವ್ರೆ ಎಲ್ಪಿಡಿಯಾ. ತೋಮಾಸ್ ಅನ್ಲಾ?"

"ನಾಬೋರ್." ಬಾಯಲ್ಲಿದ್ದ ರಕ್ತ ಉಗಿದಳು. "ನಾಬೋರ್ ಇಬಾರಾ. ನಾನ್ ಅವನಕ್ಕ. ಅದನ್ನೂ ಹೇಳು."

ಡೆಲ್ಫಿನಾ ಹೇಳಿದಳು. ಎರಡು ಸಲ, ಅಕ್ಷರ ಬಿಡಿಸಿ ಹೇಳಿದಳು.

"ಗಾಡಿ ತಗೋ!" ಎಂದು ಅರ್ನುಲ್ಫೊ ಡ್ರೈವರಿಗೆ ಕಿರುಚಿದ. "ಅವ್ರು ಬರೋದ್ರೊಳಗೆ ಹೆಣ ಇಲ್ಲಿರ್ಬಾರ್ದು!" ತಾನೇ ಹೆಣದ ಕಾಲು ಹಿಡಿದು ಎಳೆದ. ಅಕ್ಕನೂ ಜತೆಯಲ್ಲೇ ಎಳೆಸಿಕೊಂಡು ಬಂದಳು. ಎರಡು ಮಾರು ಬಂದಿರಬೇಕು, ಯಾರೋ ಬಂದು ಮೇಲೆ ಬಿದ್ದರು. ಭಾರಕ್ಕೆ ಅರ್ನುಲ್ಫೊನ ಹಿಡಿತ ತಪ್ಪಿತು.

ಸೆಫೆರಿನೊ.

"ಮಾಮ, ನಿನ್ ಮಕ್ಳು," ಎಂದಳು ಎಲ್ಪಿಡಿಯಾ ಅವನ ಕೆಳಗಿನಿಂದ.

"ಸುಮ್ನಿರು." ಅವಳ ಒಡೆದ ಹಣೆಗೆ ಮೊಣಕೈ ಅಡ್ಡ ಹಿಡಿದ. "ನಾಬೋರ್ ಅಂದ್ಯಾ? ಚೆನ್ನಾಗೈತೆ ಹೆಸರು."

ಅರ್ನುಲ್ಫೊ ಅವನ ಪಕ್ಕೆಗೆ ಒದ್ದ. ಕಿವಿಗೆ ಒದ್ದ. ವಾಂತಿ ಮಾಡಿಕೊಂಡಿದ್ದ ಹೆಂಗಸು ಬಾಯಿ ಒರೆಸಿಕೊಂಡು ಬಂದು ಸೆಫೆರಿನೊನ ಮೇಲೆ ಮಲಗಿದಳು. ಆಮೇಲೆ ಇಬ್ಬರು ಅಣ್ಣತಮ್ಮಂದಿರು. ಆಮೇಲೆ ಓಡಿದವರಲ್ಲಿ ಒಬ್ಬ, ಅರ್ಧ ದಾರಿಯಿಂದ ತಿರುಗಿ ಬಂದವನು. ಒಬ್ಬರ ಮೇಲೊಬ್ಬರು ಬಿದ್ದು, ಯಾರ ಕಾಲು ಯಾರದು, ಸತ್ತವನದು ಯಾವುದು ಎಂದು ತಿಳಿಯದಂಥ ಒಂದು ಗುಡ್ಡೆಯಾಯಿತು. ಡೆಲ್ಫಿನಾ ಗುದ್ದಲಿಯ ಕಾವನ್ನು ಎರಡೂ ಕೈಯಲ್ಲಿ ಹಿಡಿದು ಜೋತುಬಿದ್ದಿದ್ದಳು. ಅರ್ನುಲ್ಫೊ ಅವಳ ಕೂದಲು ಹಿಡಿದು ಎಳೆಯುತ್ತಿದ್ದ.

ನದಿಯ ಕಡೆಯ ಏರಿಯ ಮೇಲೆ ಧೂಳೆದ್ದಿತು. ಆಂಬುಲೆನ್ಸೋ ಮಿಗ್ರಾದ ಜೀಪೋ ಎಂದು ಇನ್ನೂ ಕಾಣುತ್ತಿರಲಿಲ್ಲ.

"ಇವರ್ ಮೇಲೇ ಹತ್ಸೋ!" ಎಂದು ಅರ್ನುಲ್ಫೊ ಡ್ರೈವರಿಗೆ ಅರಚಿದ. "ಏಳ್ತಾರೆ ನನ್ಮಕ್ಳು, ಹತ್ಸೋ!"

ಪಿಕಪ್ಪು ಕೀಕ್ ಕೀಕ್ ಎಂದು ಸದ್ದು ಮಾಡುತ್ತ, ಗಡ್ಡೆಗಳನ್ನು ಪಚಪಚನೆ ಒಡೆಯುತ್ತ ಹನ್ನೊಂದನೇ ಸಾಲಿನಲ್ಲಿ ಹಿಂದಕ್ಕೆ ಬರುತ್ತಿತ್ತು. ಗುಡ್ಡೆಯಿಂದ ಒಬ್ಬರೂ ಏಳಲಿಲ್ಲ.