ಹಾಲುಹಲ್ಲಿನ ಬೆನ್ನು

ಮೊಮ್ಮಗಳ ಮೊದಲ ಹಾಲುಹಲ್ಲು ಬಿದ್ದ ಬೆಳಿಗ್ಗೆ ಮನೆಯಲ್ಲಿ ನಗುವಿತ್ತು, ಅಜ್ಜ ಭೂತಗನ್ನಡಿ ಹಿಡಿಯುವವರೆಗೆ. ಪ್ರೊಫೆಸರ್ ಅಜ್ಜನ ಆಯಸ್ಸೆಲ್ಲ ಹಾಲುಹಲ್ಲಿಗೇ ಸಂದಿತ್ತು. ಯಾವ ನಾಡಿನ ಮಕ್ಕಳ ದವಡೆಹಲ್ಲಿಗೆ ಎಷ್ಟು ಗುಬುಟು, ಯಾವ ಜನರ ಮುಂದಿನ ಹಲ್ಲು ಒಳಬದಿಯಲ್ಲಿ ಸಲಿಕೆಯಂತೆ ತಗ್ಗು, ಎಲ್ಲ ಅವರಿಗೆ ಬಾಯಿಪಾಠ. ಪಡಸಾಲೆಯ ಗಾಜಿನ ಬೀರುವಿನ ತುಂಬ ಪ್ಲಾಸ್ಟರಿನ ಪುಟ್ಟ ಪುಟ್ಟ ದವಡೆಗಳು. ಅವುಗಳ ಧೂಳು ಒರೆಸುವ ಭಾಗ್ಯ ಮಾತ್ರ ಅಜ್ಜಿಯದು.

“ಸಲಿಕೆ ಹಲ್ಲು,” ಎಂದರು ಪ್ರೊಫೆಸರು, ಸೊಸೆಯ ಮುಖ ನೋಡುತ್ತ. “ನಮ್ಮ ಜನದಲ್ಲಿ ಇದು ಅಪರೂಪ. ನಿಮ್ಮ ಕಡೆಯವರಲ್ಲೂ ಅಷ್ಟೆ. ಎಲ್ಲಿಂದ ಬಂತಮ್ಮಾ ಇದು?”

ಮಾತಿನ ಮೊನೆ ತಾಗಿ ಸೊಸೆಯ ಮುಖ ಕಪ್ಪಿಟ್ಟಿತು. ಅಪ್ಪ ಹಾಕಿದ ಗೆರೆ ದಾಟದ ಮಗ ಹೆಂಡತಿಯಿಂದ ದೂರ ಸರಿದು ನಿಂತ.

ಆ ತಗ್ಗಿನ ಗುರುತು ಅಜ್ಜಿಯ ನಾಲಿಗೆಗಿತ್ತು. ಹಲ್ಲೆಲ್ಲ ಕೀಳಿಸಿ ಸೆಟ್ಟು ಹಾಕಿಸಿಕೊಳ್ಳುವ ಮುಂಚೆ ನಾಲಿಗೆ ಅಲ್ಲೇ ಹೋಗಿ ಕೂರುತ್ತಿತ್ತು. ಒಳಗೋಡಿ, ಹೊಲಿಗೆ ಡಬ್ಬಿಯ ಗುಂಡಿಗಳ ನಡುವೆ ಬಚ್ಚಿಟ್ಟಿದ್ದ ಮಗನ ಹಾಲುಹಲ್ಲು ತಂದರು. ಗಂಡನ ಕಣ್ಣಿಗೆ ಬಿದ್ದರೆ ಕೊರೆದು ಪುಡಿಮಾಡುತ್ತಾರೆಂದು ಅದನ್ನು ಎಂದೂ ತೋರಿಸಿರಲಿಲ್ಲ.

“ನೋಡಿ ಸ್ವಲ್ಪ, ನಿಮ್ಮ ಮಗಂದೂ ಹೀಗೇ ಇದೆ. ಪಾಪ, ಆ ಹುಡುಗಿ ಮೇಲೆ ಇಲ್ಲದ್ದು ಹೊರಿಸಬೇಡಿ.”

ಪ್ರೊಫೆಸರು ನೋಡಿದರು. ತಿರುಗಿಸಿ ಮತ್ತೆ ನೋಡಿದರು. ಸೊಸೆಗೆ ಹೋದ ಜೀವ ಬಂದಂತಾಯಿತು. ಗೆದ್ದೆನೆಂದುಕೊಂಡು ಅಜ್ಜಿ ಮೊಮ್ಮಗಳನ್ನು ತೊಡೆಗೆಳೆದುಕೊಂಡರು. ಅಯ್ಯೋ ಪೆದ್ದಿ, ಇಷ್ಟು ವರ್ಷ ಬಾಳಿಯೂ ಗಂಡನ ಬುದ್ಧಿ ತಿಳಿಯಲಿಲ್ಲವಲ್ಲ!

“ಓಹೋ! ಹಾಗಾದ್ರೆ ಇವಳದ್ದೇನೂ ತಪ್ಪಿಲ್ಲ,” ಎಂದರು ಪ್ರೊಫೆಸರು. “ನನ್ನ ಹಲ್ಲು ಹೀಗಿಲ್ಲ. ಇವನು ಯಾರ ಮಗ?”

“ನಿಮ್ಮ ಮಗನೇ ಕಣ್ರೀ! ನನ್ನ ಹಲ್ಲು ಹೀಗೇ ಇತ್ತು!”

“ತೋರ್ಸು.”

ಅಜ್ಜಿ ಬಾಯಿ ತೆರೆದರು. ಗಂಡನ ಶಿಷ್ಯನೇ ಮಾಡಿಕೊಟ್ಟ ಸೆಟ್ಟು, ಒಳಗೂ ಹೊರಗೂ ನುಣ್ಣಗೆ. ದೇಶದೇಶದ ಮಕ್ಕಳ ಬಾಯಿಗೆ ಟಾರ್ಚು ಬಿಟ್ಟ ಮಹಾನುಭಾವ ಕಟ್ಟಿಕೊಂಡವಳ ಬಾಯೊಳಗೆ ಒಂದು ದಿನವೂ ಇಣುಕಿರಲಿಲ್ಲ. ಸಾಕ್ಷಿ ಹೇಳಲು ತವರಿನಲ್ಲೂ ಯಾರೂ ಉಳಿದಿರಲಿಲ್ಲ.

ನೀನಾದರೂ ಒಂದು ಮಾತು ಹೇಳೇ ಎನ್ನುವಂತೆ ಅಜ್ಜಿ ಸೊಸೆಯನ್ನು ನೋಡಿದರು. ಸೊಸೆ ಎದ್ದು ಬಂದಳು. ಮಗುವನ್ನು ಅತ್ತೆಯ ತೊಡೆಯಿಂದ ಎತ್ತಿಕೊಂಡಳು.

“ನಿಜ ಹೇಳ್ಬಿಡಿ ಅತ್ತೆ,” ಎಂದಳು. “ಈ ವಯಸ್ಸಲ್ಲಿ ಮುಚ್ಚಿಟ್ಟು ಏನ್ ಮಾಡ್ತೀರಿ?”

ಮಗ ಸರಿದು ಬಂದು ಹೆಂಡತಿಯ ಪಕ್ಕ ನಿಂತುಕೊಂಡ.