ಹಿಂದಿನ ಸೀಟಿನ ಪದವಿ

ನನ್ನ ಹೊಲಿಗೆ ಅಂಗಡಿಯ ಮೂಲೆಯಲ್ಲಿ ಒಂದು ಗಂಟಿದೆ. ಅರ್ಧ ಹೊಲಿಸಿ, ಮತ್ತೆ ಬರುತ್ತೇವೆ ಎಂದು ಹೋದವರ ಬಟ್ಟೆಗಳು ಅದರಲ್ಲಿವೆ. ತೋಳಿಲ್ಲದ ಅಂಗಿ, ಕಾಲರಿಲ್ಲದ ಅಂಗಿ, ಒಂದೇ ಕಾಲಿನ ಪೈಜಾಮ. ಬಿಸಾಡಲು ಮನಸ್ಸಾಗುವುದಿಲ್ಲ, ತೊಡಲು ಆಗುವುದಿಲ್ಲ. ಎಷ್ಟೋ ಜನರ ಓದೂ ಹೀಗೇ ಇರುತ್ತದೆ. ನಂಬದಿದ್ದರೆ ನಿಮ್ಮ ಮನೆಯ ಪೆಟ್ಟಿಗೆಯ ತಳ ನೋಡಿ, ಒಂದು ಹಳೇ ಅಂಕಪಟ್ಟಿ ಸಿಕ್ಕೇ ಸಿಗುತ್ತದೆ.

ನನ್ನ ಪಕ್ಕದ ಮನೆಯವಳ ಪೆಟ್ಟಿಗೆಯಲ್ಲಿ ಎರಡು ವರ್ಷದ ಅಂಕಪಟ್ಟಿಗಳಿದ್ದವು. ಮದುವೆಯಾಗಿ ಎಷ್ಟೋ ವರ್ಷಕ್ಕೆ ಸೇರಿದ್ದ ವರ್ತನಾ ವಿಜ್ಞಾನದ ಪದವಿ. ಅಂದರೆ ಮನುಷ್ಯರು ಯಾಕೆ ಹೀಗೆ ಆಡುತ್ತಾರೆ ಎಂಬುದನ್ನು ಗಮನಿಸಿ, ಎಣಿಸಿ, ತಿಳಿಯುವ ಓದು. ಮೂರನೇ ವರ್ಷಕ್ಕೆ ಮಗಳು ಹುಟ್ಟಿದಳು, ಓದು ನಿಂತಿತು. ಆಮೇಲೆ ಆಸ್ಪತ್ರೆಯಲ್ಲಿ ಟೋಕನ್ ಕೊಡುವ ಕೆಲಸ ಸಿಕ್ಕಿತು. ಹನ್ನೊಂದು ವರ್ಷದಿಂದ ಅದೇ ಕಿಟಕಿ. ಬೀದಿಗೆಲ್ಲ ಅವಳು ಟೋಕನಕ್ಕ.

ಆ ಕಿಟಕಿಯಲ್ಲಿ ಟೋಕನ್ ಮಾತ್ರ ಸಿಗುತ್ತಿರಲಿಲ್ಲ. ರಿಪೋರ್ಟ್ ಕೇಳಲು ಹೆದರಿ ಬಾಗಿಲಿಂದಲೇ ವಾಪಸಾಗುವವರನ್ನು ಕರೆದು, ನಾಲ್ಕು ಮಾತಾಡಿ, ಒಳಗೆ ಕಳಿಸುವವಳೂ ಇವಳೇ. ಒಂದು ದಿನ ಆಸ್ಪತ್ರೆಯಲ್ಲಿ ಹೊಸ ಹುದ್ದೆ ಬಂತು. ರೋಗಿಗಳ ಜೊತೆ ಕೂತು ಧೈರ್ಯ ಹೇಳುವ ಸಹಾಯಕಿ ಬೇಕಂತೆ. ಇವಳು ಅರ್ಜಿ ಹಾಕಿದಳು. ಪದವಿ ಇದೆಯೇ ಎಂದು ಕೇಳಿದರು. ಅಲ್ಲಿಗೆ ಮುಗಿಯಿತು.

ಸಂಜೆ ನನ್ನ ಅಂಗಡಿಗೆ ಬಂದು ಆ ಗಂಟಿನ ಮೇಲೇ ಕೂತಳು. "ಆ ಕೆಲಸ ನಾನು ಆಗ್ಲೇ ಮಾಡ್ತಿದೀನಿ ಕಣೆ. ಅವರು ಕೊಡ್ತಿರೋದು ಒಂದು ಕುರ್ಚಿ, ಅಷ್ಟೇ. ಅದೂ ನನಗಿಲ್ಲ" ಎಂದು ಕಣ್ಣೊರೆಸಿಕೊಂಡಳು.

ನಿಜ ಹೇಳುತ್ತೇನೆ, ಆಗ ನಾನೂ ಒಳ್ಳೇ ಮಾತಾಡಲಿಲ್ಲ. ಸೂಜಿಗೆ ದಾರ ಪೋಣಿಸಲು ಕನ್ನಡಕ ಬೇಕಾದ ವಯಸ್ಸಲ್ಲಿ ಇನ್ನೆಂಥ ಓದು, ಬಿಡು ಎಂದೆ. ಪುಣ್ಯಕ್ಕೆ ಅಳತೆ ಕೊಡಲು ಬಂದಿದ್ದ ಗ್ರಂಥಾಲಯದ ಮೇಡಂ ಅಲ್ಲೇ ನಿಂತಿದ್ದರು. ನಾನು ಸೊಂಟದಳತೆ ತೆಗೆಯುತ್ತಿದ್ದೆ, ಅವರು ಕೈ ಎತ್ತಿಕೊಂಡೇ ಕೇಳಿದರು. "ಅಂಕಪಟ್ಟಿ ಇಟ್ಕೊಂಡಿದೀರಾ? ಹಾಗಾದ್ರೆ ಮೊದಲಿಂದ ಓದಬೇಕು ಅಂತ ಯಾರು ಹೇಳಿದ್ರು? ವಿಚಾರಿಸಿದ್ದೀರಾ?"

ಹನ್ನೆರಡು ವರ್ಷ ಕೊರಗಿದ್ದಳು, ಒಮ್ಮೆಯೂ ವಿಚಾರಿಸಿರಲಿಲ್ಲ. ಮರುದಿನ ಮೇಡಂ ಅವಳನ್ನು ವಿಶ್ವವಿದ್ಯಾಲಯಕ್ಕೆ ಕರೆದುಕೊಂಡು ಹೋದರು. ಹಳೆಯ ಎರಡು ವರ್ಷ ಲೆಕ್ಕಕ್ಕೆ ಬರುತ್ತದೆ ಎಂದು ಅಲ್ಲಿನವರು ಹೇಳಿದರು. ಕೊನೆಯ ವರ್ಷ ಮಾತ್ರ ಬಾಕಿ, ತರಗತಿ ಭಾನುವಾರ. ಆದರೆ ಅಲ್ಲೊಂದು ಕೊಕ್ಕೆಯಿತ್ತು. ಈ ವರ್ಷದೊಳಗೆ ಮುಗಿಸದಿದ್ದರೆ ಹಳೆಯ ಎರಡು ವರ್ಷವೂ ರದ್ದು.

ಮನೆಯಲ್ಲಿ ಗಂಡನಿಗೆ ಹೇಳಿದಳು. ಅವರು ಡ್ರೈವಿಂಗ್ ಕಲಿಸುವವರು. ಕಲಿಯುವವರ ಕಾಲ ಕೆಳಗೆ ಒಂದು ಬ್ರೇಕು, ಇವರ ಕಾಲ ಕೆಳಗೆ ಇನ್ನೊಂದು. ಅದಕ್ಕೇ ಬ್ರೇಕ್ ಮೇಷ್ಟ್ರು ಎಂದು ಹೆಸರು. ಹೆಂಡತಿಯ ಓದಿನ ಮಾತು ಬಂದ ತಕ್ಷಣ ಬ್ರೇಕ್ ಒತ್ತಿಯೇಬಿಟ್ಟರು. "ಜನರ ವರ್ತನೆ ಕಲಿಯೋಕೆ ಕಾಲೇಜು ಯಾಕೆ? ನನ್ನ ಕಾರಲ್ಲಿ ಒಂದು ಗಂಟೆ ಕೂತ್ಕೋ, ಸಾಕು."

ಟೋಕನಕ್ಕ ಜಗಳವಾಡಲಿಲ್ಲ. ಫೀಸು ಕಟ್ಟಿ, ಭಾನುವಾರದ ಅಡುಗೆ ಗಂಡನಿಗೂ ಮಗಳಿಗೂ ಬಿಟ್ಟು, ತರಗತಿಗೆ ಹೋದಳು. ಮೊದಲ ಭಾನುವಾರ ಮೇಷ್ಟ್ರು ಬೇಯಿಸಿದ ಅನ್ನವನ್ನು ಚಾಕುವಿನಿಂದ ಕತ್ತರಿಸಿ ಬಡಿಸಬೇಕಾಯಿತಂತೆ. ವರ್ಷದ ಕೊನೆಗೆ ಪ್ರಾಜೆಕ್ಟ್ ಬಂತು. ನಿಮ್ಮ ಸುತ್ತಲಿನ ಒಂದು ವರ್ತನೆ ಆರಿಸಿ, ಎಣಿಸಿ, ಒಂದೇ ಒಂದು ಬದಲಾವಣೆ ಮಾಡಿ, ಮತ್ತೆ ಎಣಿಸಿ ಎಂದರು. ಸಮಯ ಆರು ವಾರ. ಆಗ ಅವಳು ಗಂಡನ ಹಳೇ ಮಾತನ್ನೇ ಹಿಡಿದುಕೊಂಡಳು. "ನಿಮ್ಮ ಕಾರಲ್ಲಿ ಕೂತ್ಕೋ ಅಂದಿದ್ರಲ್ಲ. ಕೂತ್ಕೋತೀನಿ."

ಮೇಷ್ಟ್ರ ಬಳಿ ಆಗ ಕಲಿಯುತ್ತಿದ್ದವರು ನಾಲ್ವರು. ನಾನೊಬ್ಬಳು, ವಯಸ್ಸು ಐವತ್ತೆರಡು. ಇನ್ನೊಬ್ಬರು ಹಲ್ಲಿನ ಡಾಕ್ಟರು. ಊರಿನವರ ದವಡೆ ಹಿಡಿದು ಎಳೆಯಲು ಹೆದರದ ಮನುಷ್ಯ, ಕ್ಲಚ್ ಕಂಡರೆ ಬೆವರುತ್ತಿದ್ದರು. ಒಪ್ಪಿಗೆಯಿಲ್ಲದೆ ಯಾರನ್ನೂ ಎಣಿಸುವಂತಿಲ್ಲ, ಗಂಡನನ್ನೂ ಸಹ, ಎಂದು ಪ್ರಾಧ್ಯಾಪಕರು ಹೇಳಿದ್ದರು. ಎಲ್ಲರೂ ಒಪ್ಪಿಗೆ ಪತ್ರಕ್ಕೆ ಸಹಿ ಹಾಕಿದೆವು. ಮೇಷ್ಟ್ರೂ ಹಾಕಿದರು. ಆದರೆ 'ವಿದ್ಯಾರ್ಹತೆ' ಎಂದಿದ್ದ ಗೆರೆಯ ಹತ್ತಿರ ಬಂದಾಗ, ಟೈರಿನ ಗಾಳಿ ನೋಡಬೇಕು ಎಂದು ಎದ್ದು ಹೋದರು. ಗಾಳಿ ಸರಿಯಾಗೇ ಇತ್ತು. ಗೆರೆ ಖಾಲಿಯೇ ಉಳಿಯಿತು. ನಾನು ಆಗ ನಕ್ಕೆ.

ಅವಳು ಎಣಿಸಲು ಆರಿಸಿದ್ದು ಒಂದೇ ವಿಷಯ. ಕಾರು ಹೊರಡಿಸುವ ಮುಂಚೆ ನಾವು ಕನ್ನಡಿ ನೋಡುತ್ತೇವೋ ಇಲ್ಲವೋ. ನೋಡುತ್ತಿರಲಿಲ್ಲ. ಅದಕ್ಕೆ ಮೇಷ್ಟ್ರು ಗಂಟಲು ಹರಿದುಕೊಂಡು ಬೈಯುತ್ತಿದ್ದರು. ಬೈದಷ್ಟೂ ನಮಗೆ ಕನ್ನಡಿ ಇರಲಿ, ರಸ್ತೆಯೇ ಕಾಣುತ್ತಿರಲಿಲ್ಲ. ಆ ಬೈಗುಳವನ್ನೇ ಬದಲಾಯಿಸಿ ನೋಡುವುದು ಅವಳ ಲೆಕ್ಕಾಚಾರ.

ಮೊದಲ ವಾರ ಅವಳು ಪೆನ್ಸಿಲ್ ಹಿಡಿದು ಹಿಂದಿನ ಸೀಟಲ್ಲಿ ಕೂತಳು. ಅಷ್ಟೇ, ಮೇಷ್ಟ್ರ ನಾಲಿಗೆಗೆ ಜೇನು ಸವರಿದಂತಾಯಿತು. "ದಯವಿಟ್ಟು ಕ್ಲಚ್ ಬಿಡ್ತೀರಾ?" ಎಂದರು. "ಪರವಾಗಿಲ್ಲ, ಕಂಬ ತಾನೇ, ಮುಂದಿನ ಸಲ ತಪ್ಪಿಸಿದ್ರಾಯ್ತು" ಎಂದರು. ಮೇಷ್ಟ್ರಿಗೆ ಹುಷಾರಿಲ್ಲವೇ ಎಂದು ಡಾಕ್ಟರು ನನ್ನನ್ನು ಪಕ್ಕಕ್ಕೆ ಕರೆದು ಕೇಳಿದರು. ವಾರವಿಡೀ ಬೈಗುಳವೇ ಇಲ್ಲ. ಬೈಗುಳವಿಲ್ಲದ ಮೇಲೆ ಅದನ್ನು ಬದಲಾಯಿಸುವುದಾದರೂ ಹೇಗೆ? ಒಂದು ವಾರದ ಎಣಿಕೆ ಪೂರ್ತಿ ನೀರುಪಾಲು. ಟೋಕನಕ್ಕ ಗ್ರಂಥಾಲಯಕ್ಕೆ ಹೋಗಿ, ನನ್ನ ಪದವಿ ನನ್ನ ಗಂಡನ ಒಳ್ಳೇತನದಿಂದಲೇ ಹಾಳಾಗುತ್ತಿದೆ ಎಂದು ಅತ್ತಳು.

ಮೇಡಂ ನಗು ತಡೆದುಕೊಂಡು ಒಂದು ಪುಸ್ತಕ ತೆಗೆದುಕೊಟ್ಟರು. ನೋಡುವವರು ಇದ್ದರೆ ಜನ ಬೇರೆ ಥರ ಆಡುತ್ತಾರೆ, ಇದನ್ನೂ ವರದಿಯಲ್ಲಿ ಬರೆಯಿರಿ, ಆದರೆ ಪೆನ್ಸಿಲ್ ಒಳಗಿಟ್ಟು ಅವರಿಗೆ ಅಭ್ಯಾಸವಾಗುವವರೆಗೆ ಸುಮ್ಮನೆ ಕೂತಿರಿ ಎಂದರು. ಅವಳು ಹಾಗೇ ಮಾಡಿದಳು. ನಾಲ್ಕನೇ ದಿನ ನಾನು ಕನ್ನಡಿ ನೋಡದೆ ಕಾರು ಹೊರಡಿಸಿದೆ. ಹಿಂದಿದ್ದ ನೀರಿನ ಟ್ಯಾಂಕರ್ ಹಾರ್ನ್ ಹೊಡೆಯಿತು. ಮೇಷ್ಟ್ರು ಬ್ರೇಕ್ ತುಳಿದು, ಇದು ಕಣ್ಣಾ, ಬಟನ್‌ಹೋಲಾ ಎಂದು ಶುರುಮಾಡಿದವರು ನನ್ನ ಅಂಗಡಿ, ಕತ್ತರಿ ಯಾವುದನ್ನೂ ಬಿಡಲಿಲ್ಲ. ಹಿಂದಿನ ಸೀಟಿನಿಂದ ಬ್ಯಾಗಿನ ಜಿಪ್ಪು ತೆಗೆದ ಸದ್ದು ಕೇಳಿಸಿತು. ಗಂಡ ಬೈಯುವುದನ್ನು ಕೇಳಿ ಅಷ್ಟು ಖುಷಿಯಾದ ಇನ್ನೊಬ್ಬ ಹೆಂಡತಿಯನ್ನು ನಾನು ಕಂಡಿಲ್ಲ.

ಒಂದೂವರೆ ವಾರ ಎಣಿಸಿದಳು. ಹತ್ತು ಸಲ ಹೊರಟರೆ ನಾವು ಕನ್ನಡಿ ನೋಡುತ್ತಿದ್ದುದು ಮೂರು ಸಲ. ಆಮೇಲೆ ಗಂಡನಿಗೆ ಒಂದೇ ಒಂದು ಬದಲಾವಣೆ ಹೇಳಿದಳು. ಅಪಾಯವಾದರೆ ಬ್ರೇಕ್ ಒತ್ತಿ, ಆದರೆ ತಪ್ಪಿಗೆ ಬೈಯಬೇಡಿ. ಕನ್ನಡಿ ನೋಡಿದವರಿಗೆ "ನೋಡಿದ್ರಿ, ಸರಿ" ಅನ್ನಿ. ಇದು ಸುಳ್ಳು ಎಂದು ತೋರಿಸಲೆಂದೇ ಮೇಷ್ಟ್ರು ಒಪ್ಪಿಕೊಂಡರು. ಬಾಯಿಗೆ ಬೀಗ ಹಾಕಿಕೊಂಡ ಆ ದಿನಗಳಲ್ಲಿ ಅವರ ಮುಖ ಉಬ್ಬಿ ಕೆಂಪಾಗುತ್ತಿತ್ತು.

ಎರಡು ವಾರಕ್ಕೆ ಮೂರು ಹೋಗಿ ಎಂಟಾಯಿತು. ಡಾಕ್ಟರು ಬೆವರುವುದು ನಿಂತಿತು. ನಾನಂತೂ ಹೊಗಳಿಕೆಯ ಆಸೆಗೆ ಕನ್ನಡಿಯನ್ನೇ ನೋಡುತ್ತಾ ಹೊರಡುವುದನ್ನೇ ಮರೆತೆ. ಅದನ್ನೂ ವರದಿಯಲ್ಲಿ ಬರೆದಳು, ನನ್ನನ್ನು 'ವ್ಯಕ್ತಿ ನಾಲ್ಕು' ಎಂದು ಕರೆದು. ಮೇಷ್ಟ್ರು ಎಣಿಕೆಯ ಹಾಳೆಯನ್ನು ಮೂರು ಸಲ ನೋಡಿದರು. "ಇಪ್ಪತ್ತು ವರ್ಷ ಸುಮ್ನೆ ಕಿರುಚಿದೆನಾ?" ಎಂದಷ್ಟೇ ಕೇಳಿದರು. ಟೋಕನಕ್ಕ ಅವರಿಗೆ ಟೀ ಕೊಟ್ಟಳು.

ಗಡುವಿಗೆ ಎರಡು ದಿನ ಮುಂಚೆ ಪ್ರಾಜೆಕ್ಟ್ ಕೊಟ್ಟಳು. ಪರೀಕ್ಷೆಗೆ ಆಸ್ಪತ್ರೆ ರಜೆ ಕೊಟ್ಟಿತು. ಕೊಡುವ ನಿಯಮ ಮೊದಲೇ ಇತ್ತು, ಕೇಳಿದವರಿರಲಿಲ್ಲ. ಪಾಸಾದಳು.

ಪದವಿ ಪತ್ರ ತರುವ ದಿನ ಕಾರು ಓಡಿಸಿದ್ದು ನಾನು. ಎರಡನೇ ಯತ್ನಕ್ಕೆ ನನಗೂ ಲೈಸೆನ್ಸ್ ಸಿಕ್ಕಿತ್ತು. ಪಕ್ಕದಲ್ಲಿ ಮೇಷ್ಟ್ರು, ಕಾಲು ಬ್ರೇಕಿನ ಮೇಲೆ. ಬರುವಾಗ ಟೋಕನಕ್ಕ ಹಿಂದಿನ ಸೀಟಲ್ಲಿ ಪತ್ರವನ್ನು ಮಡಿಲಲ್ಲಿ ಇಟ್ಟುಕೊಂಡು, ತನ್ನ ಹೆಸರಿನ ಮೇಲೆ ಬೆರಳಾಡಿಸುತ್ತಿದ್ದಳು. ನಾನು ಕನ್ನಡಿ ನೋಡಿ ಹೊರಟೆ. ಮೇಷ್ಟ್ರು "ನೋಡಿದ್ರಿ, ಸರಿ" ಅನ್ನಲಿಲ್ಲ. ಅವರು ಕಲಿಸುವವರಿಗೆಂದೇ ತಮ್ಮ ಎದುರು ಹಾಕಿದ್ದ ಪುಟ್ಟ ಕನ್ನಡಿಯಲ್ಲಿ ಹೆಂಡತಿಯನ್ನು ನೋಡುತ್ತಿದ್ದರು. ಹಿಂದಕ್ಕೆ ತಿರುಗದೆ, ಆ ಕನ್ನಡಿಗೇ ಕೇಳಿದರು.

"ನಾನು ಹತ್ತನೇ ಕ್ಲಾಸು ಮುಗಿಸಿಲ್ಲ. ಗಣಿತ ಒಂದೇ ಹೋಗಿದ್ದು. ಅದಕ್ಕೂ ಏನಾದ್ರೂ ದಾರಿ ಇದ್ಯಾ?"

ಆ ಖಾಲಿ ಗೆರೆ ನೆನಪಾಯಿತು. ಅವತ್ತು ನಕ್ಕಿದ್ದಕ್ಕೆ ನನಗೆ ನಾಚಿಕೆಯಾಯಿತು.

ಟೋಕನಕ್ಕ ಮುಂದಕ್ಕೆ ಬಾಗಿ ಅವರ ಹೆಗಲ ಮೇಲೆ ಕೈಯಿಟ್ಟಳು. "ಕೇಳಿದ್ರಿ, ಸರಿ" ಎಂದಳು.

ಈಗ ಅವಳಿಗೆ ಆಸ್ಪತ್ರೆಯಲ್ಲಿ ಕುರ್ಚಿಯಿದೆ. ಭಾನುವಾರದ ಅಡುಗೆ ಮತ್ತೆ ಅವಳದೇ, ಯಾಕೆಂದರೆ ಮೇಷ್ಟ್ರಿಗೆ ಗಣಿತದ ಕ್ಲಾಸು.

ಓದುತ್ತಿರುವ ಅಕ್ಕ, ಅಣ್ಣ, ಇದು ನಿಮಗೇ ಹೇಳುತ್ತಿರುವುದು. ನಿಮ್ಮ ಪೆಟ್ಟಿಗೆಯ ತಳದಲ್ಲಿರುವ ಅಂಕಪಟ್ಟಿ ಹೊರಗೆ ತೆಗೆಯಿರಿ. ಓದಿದ ಕಡೆಗೇ ಹೋಗಿ ಎರಡೇ ಪ್ರಶ್ನೆ ಕೇಳಿ: ಇದರಲ್ಲಿ ಎಷ್ಟು ಲೆಕ್ಕಕ್ಕೆ ಬರುತ್ತದೆ, ಎಂದಿನವರೆಗೆ ಬರುತ್ತದೆ? ಕೆಲಸದ ಜಾಗದಲ್ಲಿ ಪರೀಕ್ಷೆಯ ರಜೆ ಇದೆಯೇ ಎಂದು ವಿಚಾರಿಸಿ. ಮನೆಯವರಿಗೆ ನಿಮ್ಮ ಓದಿನ ಗಂಟೆ ಯಾವುದು ಎಂದು ಸ್ಪಷ್ಟವಾಗಿ ಹೇಳಿ, ಅನ್ನ ಗಟ್ಟಿಯಾದರೂ ನಗುತ್ತಾ ತಿನ್ನಿ. ನಿಮ್ಮ ಮನೆಯಲ್ಲಿ ಯಾರಾದರೂ ಓದು ಎಂದ ಕೂಡಲೇ ಬ್ರೇಕ್ ಒತ್ತುವವರಿದ್ದರೆ ಅವರನ್ನು ಬೈಯಬೇಡಿ. ಅವರು ಯಾವ ಗೆರೆ ಖಾಲಿ ಬಿಟ್ಟಿದ್ದಾರೋ ಮೆಲ್ಲಗೆ ಕೇಳಿ ನೋಡಿ.