ವಿಮಾನದ ಬಾಲದಲ್ಲಿ ಕೂತವನು

“ಅಯ್ಯೋ, ಅಣ್ಣ ಇದ್ರೆ ನಗು ತಡ್ಕೊಳ್ಳೋಕೇ ಆಗ್ತಿರ್ಲಿಲ್ಲ ಅತ್ತಿಗೆ. ಮಾತಿನ ಮಲ್ಲ!” ಎಂದ ರೇಡಿಯೋದವನು.

ಹೊಲಿಗೆ ಯಂತ್ರ ತುಳಿಯುತ್ತಿದ್ದ ಟೈಲರಮ್ಮನ ಕಾಲು ಅಲ್ಲೇ ನಿಂತುಹೋಯಿತು. ಮಾತಿನ ಮಲ್ಲನೇ? ತನ್ನ ಗಂಡನೇ? ಮದುವೆಯಾದಂದಿನಿಂದ ಯುದ್ಧಕ್ಕೆ ಹೊರಡುವವರೆಗೂ ಆ ಮಹಾರಾಯನ ಬಾಯಿಂದ ಬಂದದ್ದೆಂದರೆ ‘ಹೂಂ’, ‘ಉಹೂಂ’, ತಪ್ಪಿದರೆ ‘ಉಪ್ಪು ಕಮ್ಮಿ’. ಬೀದಿಯವರೆಲ್ಲ ಅವನನ್ನು ಮೂಗಬಸವ ಎಂದೇ ಕರೆಯುತ್ತಿದ್ದರು.

ಬಾಂಬರ್ ವಿಮಾನದ ಬಾಲದಲ್ಲಿ ಬಂದೂಕು ಹಿಡಿದು ಕೂರುವುದು ಅವನ ಕೆಲಸವಾಗಿತ್ತು. ಒಂದು ಸಲ ಹೋದವನು ವಿಮಾನದ ಸಮೇತ, ಜೊತೆಗಾರರ ಸಮೇತ ಕಾಣೆಯಾದ. ಹೆಣ ಸಿಗಲಿಲ್ಲ, ಸುದ್ದಿ ಬರಲಿಲ್ಲ, ಯುದ್ಧವೇ ಮುಗಿದುಹೋಯಿತು. ಅದೇ ವಿಮಾನದಲ್ಲಿ ರೇಡಿಯೋ ನೋಡಿಕೊಳ್ಳುತ್ತಿದ್ದ ಇವನೊಬ್ಬ, ಅವತ್ತು ಕಿವಿ ಸೋರಿ ಆಸ್ಪತ್ರೆಯಲ್ಲಿ ಮಲಗಿದ್ದರಿಂದ ಉಳಿದುಕೊಂಡ. ಈಗ ಗೆಳೆಯರ ಮನೆಗಳನ್ನು ಹುಡುಕಿಕೊಂಡು ಅಲೆಯುತ್ತಿದ್ದಾನೆ.

“ಮೇಲೆ ಹೋದ್ಮೇಲೆ ನಮಗೆಲ್ಲ ಕೈಕಾಲು ನಡುಗೋದು. ಅಣ್ಣ ಹಿಂದಿನಿಂದ ಮೈಕಲ್ಲಿ ಶುರು ಹಚ್ಕೊಂಡ್ರು ಅಂದ್ರೆ ಭಯ ಎಲ್ಲಿಗೆ ಹೋಗ್ತಿತ್ತೋ! ವಿಮಾನ ಓಡಿಸೋನಿಗೆ ಒಂದಿನ ನಕ್ಕೂ ನಕ್ಕೂ ಬಿಕ್ಕಳಿಕೆ ಹಿಡೀತು.”

ಟೈಲರಮ್ಮನ ಹೊಟ್ಟೆಗೆ ಬೆಂಕಿ ಬಿದ್ದಂತಾಯಿತು. ಸತ್ತರೋ ಬದುಕಿದ್ದಾರೋ ತಿಳಿಯದ ಹುಡುಗರ ಮೇಲೆ ಹೊಟ್ಟೆಕಿಚ್ಚೇ, ಥೂ, ಎಂದು ತನ್ನನ್ನೇ ಬೈದುಕೊಂಡಳು. ಆದರೂ ಉರಿ ಆರಲಿಲ್ಲ. ಬೇರೆ ಹೆಂಗಸೊಬ್ಬಳು ಇದ್ದಿದ್ದರೆ ಜುಟ್ಟು ಹಿಡಿದು ಜಗಳವಾಡಬಹುದಿತ್ತು. ಇವರ ಮೇಲೆ ಏನಂತ ಜಗಳ ತೆಗೆಯುವುದು? ಅವನ ನಗುವೆಲ್ಲ ಅವರ ಪಾಲಿಗೆ ಹೋಯಿತು, ಇವಳಿಗೆ ಸಿಕ್ಕಿದ್ದು ಬರೀ ಗೊರಕೆ.

“ನನ್ನ ಸುದ್ದಿ ಎತ್ತುತ್ತಿದ್ರಾ?” ಕೇಳಬಾರದು ಅಂದುಕೊಂಡದ್ದನ್ನು ಕೇಳಿಯೇಬಿಟ್ಟಳು. “ಸುಳ್ಳು ಹೇಳ್ಬೇಡಪ್ಪ. ಇಲ್ಲಾಂದ್ರೆ ಇಲ್ಲ ಅನ್ನು.”

ರೇಡಿಯೋದವನು ತಲೆ ಕೆರೆದುಕೊಂಡ. “ಅದು... ನೀವು ಬೇಜಾರು ಮಾಡ್ಕೋಬಾರ್ದು.”

“ಹೇಳು ಅಂದ್ನಲ್ಲ!”

“ನಿಮ್ಮನ್ನೇ ಅಣಕಿಸ್ತಿದ್ರು ಅತ್ತಿಗೆ. ಬಾಂಬು ಹಾಕಿ ವಿಮಾನದ ಕೆಳಗಿನ ಬಾಗ್ಲು ಮುಚ್ಚೋದು ತಡವಾದ್ರೆ...” ಅವನು ಗಂಟಲು ಸಣ್ಣ ಮಾಡಿದ. “‘ಏನ್ರೀ, ಬಾಗ್ಲು ಹಾಕೋಕೆ ನಿಮ್ಮ ತಾತ ಬರ್ಬೇಕಾ?’ ಶತ್ರು ವಿಮಾನ ಕಂಡ್ರೆ, ‘ಏನ್ರೀ, ಬಂದ್ರು ನೋಡಿ ನಿಮ್ಮ ಕಡೆಯೋರು, ಊಟದ ಹೊತ್ತಿಗೆ ಸರಿಯಾಗಿ!’ ನಮಗೆಲ್ಲ ನಿಮ್ಮ ಬೈಗುಳ ಬಾಯಿಪಾಠ.”

ಅವಳು ದಿನವೂ ಒದರುತ್ತಿದ್ದ ಮಾತುಗಳೇ. ಆಗೆಲ್ಲ ಅವನು ಗೋಡೆ ನೋಡುತ್ತ ಕೂತಿರುತ್ತಿದ್ದ. ಕಿವಿಗೇ ಹಾಕಿಕೊಳ್ಳುವುದಿಲ್ಲ ಎಂದು ಅವಳು ಇನ್ನಷ್ಟು ಒದರುತ್ತಿದ್ದಳು. ಹಾಗಾದರೆ ಎಲ್ಲವನ್ನೂ ಕೇಳಿಸಿಕೊಂಡಿದ್ದಾನೆ, ಕಳ್ಳ. ಅವಳೆದುರು ಒಂದು ಸಲವಾದರೂ ಮಾಡಿ ತೋರಿಸಬಾರದಿತ್ತೇ? ಅವಳೂ ನಗುತ್ತಿರಲಿಲ್ಲವೇ?

“ಇನ್ನೊಂದ್ಸಲ ಮಾಡು.”

ಅವನು ಮಾಡಿದ.

“ನಾನು ಅಷ್ಟು ಗಟ್ಟಿಯಾಗಿ ‘ಏನ್ರೀ’ ಅಂತೀನಾ? ನಿಮ್ಮಣ್ಣನೂ ಹಾಗೇ ಅಂತಿದ್ರಾ?”

“ಇಲ್ಲ ಅತ್ತಿಗೆ. ಮಿಕ್ಕಿದ್ದೆಲ್ಲ ಗಟ್ಟಿ, ‘ಏನ್ರೀ’ ಮಾತ್ರ ಮೆತ್ತಗೆ ಅಂತಿದ್ರು. ಅದು ನನಗೆ ಬರಲ್ಲ.”

ಟೈಲರಮ್ಮ ಸ್ಟೂಲನ್ನು ಅವನ ಹತ್ತಿರಕ್ಕೆ ಎಳೆದುಕೊಂಡು ಎದುರಿಗೆ ಕೂತಳು.

“ಬರೋವರೆಗೂ ಮಾಡು,” ಎಂದಳು.